ಬೆಂಕಿ ಕಾಣದ ಮಣ್ಣು

ಸೂರಿಗೆ ಬೆಂಕಿ ಬಿದ್ದಾಗ ಮೊದಲಿಗೆ ಸದ್ದೇ ಇರಲಿಲ್ಲ. ಆಷಾಢದ ಗಾಳಿ ಬೀಸುವ ಆಡಿ ತಿಂಗಳ ಮಧ್ಯಾಹ್ನ. ಪಡುವಣ ಬೆಟ್ಟದ ಸಂದಿನಿಂದ ಗಾಳಿ ನುಗ್ಗಿ ಬಂದು ದ್ರಾಕ್ಷಿ ಚಪ್ಪರದ ಎಲೆಗಳನ್ನೆಲ್ಲ ಬೆಳ್ಳಗೆ ಮಗುಚಿ ಹಾಕುತ್ತಿತ್ತು. ನಾನು ತೋಟದ ಬಾವಿ ಕಟ್ಟೆಯ ಮೇಲೆ ಕುಳಿತು ಊರ ಕಡೆ ನೋಡುತ್ತಿದ್ದೆ. ನಮ್ಮ ಮನೆಯ ನೆತ್ತಿಯಲ್ಲಿ ಒಂದು ಹಳದಿ ಹೂವು ಕಂಡಿತು. ಸೂರಿನ ಮೇಲೆ ಕುಂಬಳದ ಬಳ್ಳಿ ಹಬ್ಬಿಸಿದ್ದೆ. ಅದು ಹೂ ಬಿಟ್ಟಿತು ಎಂದುಕೊಂಡೆ. ನೋಡುತ್ತಿದ್ದ ಹಾಗೆ ಹೂವು ಪಕ್ಕಕ್ಕೆ ಹಬ್ಬಿತು, ಮೇಲಕ್ಕೆ ಎದ್ದಿತು, ಗಾಳಿ ಹೋದ ಕಡೆಗೆ ಬಾಗಿ ತಲೆದೂಗಿತು. ಎಷ್ಟು ಚೆಂದ ಇದೆ ಎಂದು ಮನಸ್ಸಿಗೆ ಬಂದ ಮೇಲೆಯೇ ನನಗೆ ತಿಳಿದದ್ದು, ಅದು ಹೂವಲ್ಲ ಎಂದು.

ನಾನು ಓಡಿ ಹೋಗುವಷ್ಟರಲ್ಲಿ ತೆಂಗಿನ ಗರಿಯ ಸೂರು ಪೂರಾ ಹೋಗಿತ್ತು. ಕಿಡಿ ಎಲ್ಲಿಂದ ಹಾರಿ ಬಂತೋ ಯಾರಿಗೂ ಗೊತ್ತಾಗಲಿಲ್ಲ. ಆ ಗಾಳಿಗೆ ಎಲ್ಲಿಂದಲಾದರೂ ಬರಬಹುದು. ಜೀವಕ್ಕೆ ಏನೂ ಆಗಲಿಲ್ಲ. ನನ್ನ ಅತ್ತೆ, ಎಂದರೆ ನಿಮ್ಮ ತಾತನ ತಾಯಿ, ದೇವರ ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಎದುರು ಮನೆಯ ಜಗುಲಿಯಲ್ಲಿ ಕುಳಿತಿದ್ದರು. ಅವರ ಹುಬ್ಬು ಸುಟ್ಟುಹೋಗಿತ್ತು. ನನ್ನನ್ನು ಕಂಡ ಕೂಡಲೇ, "ಅಕ್ಕಿ ಪಾನೆ ಎತ್ತಕ್ಕೆ ಆಗಲಿಲ್ಲ ಪುಳ್ಳೆ. ಸಾಮಿನ ಎತ್ತಿದೆ," ಎಂದರು. ನಾನು ಅಜ್ಜಿಯಾದ ಮೇಲೂ ಅವರ ಬಾಯಲ್ಲಿ ಪುಳ್ಳೆಯೇ, ಎಳೆ ಹುಡುಗಿಯೇ.

ಮಕ್ಕಳೇ, ಹುಲ್ಲನ್ನು ಉಲ್ಲು ಎನ್ನುವ, ಹೇಳು ಎನ್ನಲು ಏಳು ಎನ್ನುವ ನಮ್ಮ ಮನೆಮಾತು ನಿಮಗೆ ತಿಳಿಯುತ್ತದೆ, ಆಡಲು ಮಾತ್ರ ನಾಚುತ್ತೀರಿ. ಆ ನಾಚಿಕೆ ನನ್ನಿಂದಲೇ ಇಳಿದು ಬಂದಿರಬೇಕು. ನಿಮ್ಮ ತಾತ ಇದ್ದಷ್ಟು ದಿನ ಹೊರಗಿನ ಮಾತೆಲ್ಲ ಅವರದು. ಅವರು ಹೋದ ಮೇಲೆ ನನ್ನ ಅಣ್ಣನದು. ಅಂಗಡಿಗೆ ಹೋದರೆ ಬೇಕಾದದ್ದನ್ನು ಬೆರಳಲ್ಲಿ ತೋರಿಸಿ ತರುತ್ತಿದ್ದವಳು ನಾನು. ಅಂಥವಳ ತಲೆಯ ಮೇಲೆ ಒಂದು ಮನೆ ಕಟ್ಟುವ ಕೆಲಸ ಬಂದು ಕೂತಿತು.

ಮನೆ ಕಟ್ಟುವವರೆಗೆ ನಾನೂ ಅತ್ತೆಯೂ ತೋಟದ ಮೋಟಾರ್ ರೂಮಿನಲ್ಲಿ ಇದ್ದೆವು. ಹನುಮಂತನಪಟ್ಟಿಯಿಂದ ಬರುವ ದಾರಿಯಲ್ಲಿ ಈಗಲೂ ಅದು ನಿಂತಿದೆ. ಬಾಗಿಲು ತೆರೆದರೆ ದ್ರಾಕ್ಷಿ ಚಪ್ಪರ. ಕಲ್ಲು ಕಂಬಗಳ ಸಾಲು, ಮೇಲೆ ಹಸಿರು, ಆ ಹಸಿರಿನಿಂದ ಸೋಸಿ ಬಂದ ಬೆಳಕು. ಅದರ ಕೆಳಗೆ ನಡೆದರೆ ನೀರಿನೊಳಗೆ ನಡೆದ ಹಾಗೆ ಇರುತ್ತಿತ್ತು. ಮನೆ ಸುಟ್ಟ ದುಃಖ ಕೂಡ ಆ ಬೆಳಕಿನಲ್ಲಿ ನನಗೆ ಬೇರೆ ಯಾರದೋ ಎನ್ನುವಂತೆ ತೋರುತ್ತಿತ್ತು.

ಆ ಚಪ್ಪರದ ಕೆಳಗೆ ಒಂದು ದಿನ ಪೆರಿಯಕುಳಂನಿಂದ ಬೀಗತಿ ಬಂದರು. ನಿಮ್ಮ ಅಪ್ಪನ ತಾಯಿ. ನಿಮ್ಮ ಅಮ್ಮ ಆಗ ಚೊಚ್ಚಲ ಬಸುರಿ. ಬಳೆ ತೊಡಿಸುವ ಶಾಸ್ತ್ರ ಮುಗಿದ ಮೇಲೆ ಅವಳು ಹೆರಿಗೆಗೆ ನನ್ನ ಹತ್ತಿರ ಬರಬೇಕು, ಅದು ವಾಡಿಕೆ. ಬೀಗತಿ ನಾನು ಕೊಟ್ಟ ನೀರನ್ನು ನಿಧಾನವಾಗಿ ಕುಡಿದು, ಚೊಂಬನ್ನು ನೆಲಕ್ಕಿಟ್ಟರು.

"ಸಂಬಂಧಿ, ಕೋಪ ಮಾಡ್ಕಬ್ಯಾಡಿ. ಎಣ್ಣು ನಿಮ್ಮದು ತಾನೆ, ಇಲ್ಲ ಅನ್ನಲ್ಲೆ. ಒಟ್ಟೇಲಿರೋದು ಎಂಗಳ ವಂಶದ ಪೇರನೋ ಪೇತ್ತಿಯೋ. ಬಾಣಂತಿನ ಉಲ್ಲಿನ ಕೆಳಗೆ ಮಲಗಿಸಕ್ಕೆ ನಾ ಕಳಿಸಲ್ಲೆ."

ಊರಿಗೆಲ್ಲ ಪಾಟಿ, ಅಜ್ಜಿ, ಆಗಿದ್ದ ಅತ್ತೆ ಮೋಟಾರ್ ರೂಮಿನ ಬಾಗಿಲಿನಿಂದ ಕೇಳಿದರು. "ನಿಮ್ಮ ಮನೇಲಿ ಇಲ್ಲವಾ ಉಲ್ಲು?"

"ಐತೆ ಪಾಟಿ. ಸಾಮಿ ಮೂಲೆಲಿ. ಆಡಿ ಪೂರಾ ಕೊಡ ಕೊಡ ನೀರು ಚೆಲ್ತೀವಿ ಅದರ ಮ್ಯಾಲೆ. ಇಲ್ಲಿ ಏಣಿ ಅತ್ತಿ ನೀರು ಉಯ್ಯೋರು ಯಾರು? ನೀವಾ?"

ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ನಾನೇ ಅತ್ತೀನಿ. ನೀವು ಏಣಿ ಇಡೀರಿ," ಎಂದರು.

ಬೀಗತಿ ನಕ್ಕುಬಿಟ್ಟರು. ಎದ್ದು ಹೊರಡುವಾಗ ದನಿ ಇಳಿಸಿ ನನಗೆ ಮಾತ್ರ ಕೇಳುವ ಹಾಗೆ, "ನಿದ್ದೇಲೂ ಅಮ್ಮ ಅಮ್ಮ ಅಂತಾಳೆ ನಿಮ್ಮ ಮಗಳು. ಮನೆ ಕಟ್ಟಿ. ನಾ ಬಂದು ಕಣ್ಣಾರ ನೋಡ್ತೀನಿ. ಮನಸ್ಸಿಗೆ ಸರಿ ಅಂತ ಪಟ್ಟರೆ ಕಳಿಸ್ತೀನಿ, ಇಲ್ಲದಿದ್ರೆ ಅಲ್ಲೇ ಎರಲಿ," ಎಂದರು. ನಾನು ತಲೆಯಾಡಿಸಿದೆ.

ಸಾಮಿ ಮೂಲೆಯ ವಿಷಯ ನಿಮಗೆ ಹೇಳಬೇಕು. ನಮ್ಮವರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಈ ಕಣಿವೆಗೆ ಇಳಿದವರು. ದಾರಿಯುದ್ದಕ್ಕೂ ದೇವರ ಪೆಟ್ಟಿಗೆಯನ್ನು ಇಳಿಸಿದ್ದು ಹುಲ್ಲು ಹೊದಿಸಿದ ಪುಟ್ಟ ಗೂಡಿನೊಳಗಂತೆ. ದೇವರಿಗೆ ಅದೇ ಅಭ್ಯಾಸವಾಯಿತು. ಅದಕ್ಕೇ ನಮ್ಮವರು ಎಂಥ ಹೆಂಚಿನ ಮನೆ ಕಟ್ಟಿದರೂ ದೇವರಿರುವ ಮೂಲೆಯ ಮೇಲೆ ಮಾತ್ರ ಹುಲ್ಲು ಹೊದಿಸುತ್ತಿದ್ದರು. ಬೆಂಕಿ ಕಂಡ ಮಣ್ಣು ದೇವರ ತಲೆಯ ಮೇಲೆ ಬರಬಾರದು. ಹೆಂಚು ಸುಟ್ಟದ್ದು, ಇಟ್ಟಿಗೆ ಸುಟ್ಟದ್ದು, ಸುಣ್ಣ ಸುಟ್ಟದ್ದು, ಸಿಮೆಂಟೂ ಸುಟ್ಟದ್ದೇ. ಸುಡದ ಮಣ್ಣು, ಸುಡದ ಹುಲ್ಲು, ಸುಡದ ಮರ, ಇಷ್ಟೇ ದೇವರಿಗೆ. ಬೆಂಕಿ ಸುಲಭವಾಗಿ ತಿನ್ನುವುದನ್ನೇ ಆರಿಸಿ ಆರಿಸಿ ಮನೆಯೊಳಗೆ ಇಟ್ಟುಕೊಂಡ ಜನ ನಾವು.

ಅಣ್ಣ ನನ್ನನ್ನು ತೇನಿಗೆ ಕರೆದುಕೊಂಡು ಹೋದ. ತೇನಿ ಆಗ ಹೊಸದಾಗಿ ಜಿಲ್ಲೆಯಾಗಿತ್ತು. ಎಲ್ಲಿ ನೋಡಿದರೂ ಅರ್ಧ ಎದ್ದ ಗೋಡೆಗಳು, ಕಬ್ಬಿಣದ ಕಂಬಿಗಳು, ಗಾಳಿಯಲ್ಲಿ ಸಿಮೆಂಟಿನ ವಾಸನೆ. ಅಂಗಡಿಯವನು ಏನು ಬೇಕು ಎಂದು ಕೇಳಿದ. ನಾನು ಅಣ್ಣನ ಬೆನ್ನ ಹಿಂದೆ ಸರಿದೆ. "ಬಾಯಿ ತೆರೆದು ಏಳು ತಂಗಚ್ಚಿ, ಮನೆ ನಿಂದು ತಾನೆ?" ಎಂದು ಅಣ್ಣ ಗದರಿದ. ಅವನ ಮನಸ್ಸಿನಲ್ಲಿ ಇದ್ದದ್ದು ಸಿಮೆಂಟ್ ಶೀಟು. ಆ ಕಾಲಕ್ಕೆ ಎಲ್ಲರೂ ಹಾಕುತ್ತಿದ್ದರು, ಒಂದೇ ದಿನದಲ್ಲಿ ಸೂರು ಮುಗಿಯುತ್ತಿತ್ತು. ಬೆಂಕಿ ಹಿಡಿಯುವುದಿಲ್ಲ ಎಂದು ಅಂಗಡಿಯವನೂ ಹೇಳಿದ. ನಾನು ಕೆಳಗೆ ಬಿದ್ದಿದ್ದ ಒಂದು ಒಡೆದ ಶೀಟಿನ ಚೂರು, ಒಂದು ಹೆಂಚಿನ ಚೂರು ಎತ್ತಿ ಸೆರಗಿಗೆ ಹಾಕಿಕೊಂಡೆ.

ಮರ ನೋಡಲು ದಿಂಡಿಗಲ್‌ಗೆ ಹೋದೆವು. ಅಲ್ಲಿ ಹಳೆ ಮನೆ ಕೆಡವಿದ ಸಾಮಾನು ಮಾರುವ ಒಂದು ದೊಡ್ಡ ಬಯಲು. ಬಾಗಿಲುಗಳು ಗೋಡೆಯಿಲ್ಲದೆ ಸಾಲಾಗಿ ನಿಂತಿದ್ದವು. ಒಂದೊಂದನ್ನೂ ದಾಟಿ ಹೋಗುವಾಗ ಯಾರದೋ ಮನೆಯೊಳಗೆ ಹೋಗಿ ಬಂದ ಹಾಗೆ ಆಗುತ್ತಿತ್ತು. ಒಂದರ ಹೊಸ್ತಿಲಿಗೆ ಅರಿಸಿನ ಇನ್ನೂ ಹಾಗೇ ಇತ್ತು. ಆ ಕೊನೆಯಲ್ಲಿ ಕಪ್ಪು ತಾಳೆ ತೊಲೆಗಳ ರಾಶಿ. ಬೆಂಕಿ ಬಿದ್ದ ಮನೆಯವು, ಬೇಡಮ್ಮ, ಅಪಶಕುನ ಎಂದು ಅಲ್ಲಿಯವರೇ ಹೇಳಿದರು. ನಾನು ಕುಳಿತು ಉಗುರಿನಿಂದ ಕೆರೆದೆ. ಮೇಲೆ ಬೆರಳಿನಷ್ಟು ಇದ್ದಿಲು. ಅದರ ಕೆಳಗೆ ಮರ ಕಬ್ಬಿಣದ ಹಾಗೆ ಗಟ್ಟಿ. ಹೊರಗಿನ ಕರಿಯೇ ಒಳಗಿನದಕ್ಕೆ ಹೊದಿಕೆಯಾಗಿತ್ತು. ಸಣ್ಣ ಜಂತೆಗಳು ಆ ಮನೆಯಲ್ಲಿ ಒಂದೂ ಉಳಿದಿರಲಿಲ್ಲವಂತೆ. ದಪ್ಪ ಮರ ಬೆಂಕಿಗೆ ಬೇಗ ಸೋಲುವುದಿಲ್ಲ ಎಂದು ಅಲ್ಲಿ ನನಗೆ ಹೊಳೆಯಿತು. ಬೆಂಕಿ ಕಾಣದ ತಾಳೆ ತೊಲೆಗಳನ್ನೇ ಕೊಂಡೆವು, ಇದ್ದುದರಲ್ಲಿ ದಪ್ಪನವು. ಬಸ್ಸಿನಲ್ಲಿ ಬರುವಾಗ ನನ್ನ ಉಗುರಿನ ತುಂಬ ಇದ್ದಿಲು.

ಗಂಡಸರನ್ನು ಕೇಳಲು ನನಗೆ ನಾಚಿಕೆ. ಆದ್ದರಿಂದ ಬೆಂಕಿಯನ್ನೇ ಕೇಳಿದೆ. ಬಾವಿಯ ಹತ್ತಿರ ಮೂರು ಕಲ್ಲಿಟ್ಟು ಒಲೆ ಮಾಡಿದ್ದೆ. ಅಡುಗೆ ಆದ ಮೇಲೆ ಕೆಂಡದ ಮೇಲೆ ಒಂದೊಂದೇ ಚೂರು ಇಟ್ಟು ನೋಡುತ್ತ ಕೂರುತ್ತಿದ್ದೆ. ಮೊದಲು ಶೀಟಿನ ಚೂರು. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಪಟಾರನೆ ಸಿಡಿದು ಹಾರಿ ಅತ್ತೆಯ ವೀಳ್ಯದ ತಟ್ಟೆಯೊಳಗೆ ಬಿತ್ತು.

"ಇದನ್ನ ತಲೆ ಮ್ಯಾಲೆ ಆಕ್ತಾನಾ ನಿನ್ನಣ್ಣ?" ಎಂದರು ಅತ್ತೆ. "ದೀಪಾವಳಿಗೆ ತಕ್ಕಂಡ್ ಬರಕ್ಕೆ ಏಳು."

ಆ ಶೀಟಿನ ಧೂಳೂ ಎದೆಗೆ ಒಳ್ಳೆಯದಲ್ಲ ಎಂದು ಈಗ ಹೇಳುತ್ತಾರೆ. ಆಗ ನಮಗೆ ಗೊತ್ತಿರಲಿಲ್ಲ. ಸಿಡಿದದ್ದಕ್ಕೇ ಬೇಡವೆಂದೆ.

ದ್ರಾಕ್ಷಿ ಕಂಬದ ಕಲ್ಲಿನ ಚೂರು ಇಟ್ಟೆ. ಕಲ್ಲಿಗೆ ಬೆಂಕಿ ಏನು ಮಾಡೀತು ಎಂದುಕೊಂಡಿದ್ದೆ. ಕಾದ ಮೇಲೆ ನೀರು ಎರಚಿದರೆ ಹಪ್ಪಳದ ಹಾಗೆ ಬಿರುಕು ಬಿಟ್ಟಿತು. ಹೆಂಚು ಮಾತ್ರ ಕೆಂಪಗಾಗಿ, ಮತ್ತೆ ತಣ್ಣಗಾಗಿ, ಬೆರಳಿನಿಂದ ತಟ್ಟಿದರೆ ಮೊದಲಿನ ಹಾಗೆಯೇ ಟಣ್ ಎಂದಿತು. ಅದು ಮೊದಲೇ ಸುಟ್ಟದ್ದು. ಬೆಂಕಿ ಒಮ್ಮೆ ಉಂಡು ಬಿಟ್ಟದ್ದನ್ನು ಮತ್ತೆ ಮುಟ್ಟುವುದಿಲ್ಲ.

ಪಕ್ಕದ ತೋಟದವಳು ಬೇಲಿಯ ಮೇಲಿನಿಂದ ಇಣುಕಿದಳು. "ಏನ್ ಮದಿನಿ, ಇವತ್ತು ಕಲ್ಲು ಕೊಳಂಬಾ? ಉಪ್ಪು ಕಾರ ಸರಿಯಾಗಿ ಐತಾ?"

"ಬೇಯ್ತಾ ಐತೆ. ಪಾತ್ರೆ ತಕ್ಕಂಡ್ ಬಾ," ಎಂದೆ. ನಾನು ಹಾಗೆ ಎದುರು ಮಾತಾಡಿದ್ದು ಅವಳಿಗೂ ಆಶ್ಚರ್ಯ, ನನಗೂ ಆಶ್ಚರ್ಯ. ಊರಿನಲ್ಲಿ ಒಂದಷ್ಟು ದಿನ ನನಗೆ ಕಲ್ಲು ಕೊಳಂಬು, ಕಲ್ಲಿನ ಸಾರು, ಎಂದೇ ಹೆಸರು.

ಮೇಸ್ತ್ರಿ ಕಂಬಂ ಊರಿನ ಕಡೆಯವರು, ನಗುಮೊಗದವರು. ಅಡುಗೆಮನೆ ಎಲ್ಲಿ ಬೇಕು ಎಂದು ಅವರು ಕೇಳಿದಾಗ ನಾನು ಮೂಡಣ ದಿಕ್ಕಿಗೆ ಕೈ ತೋರಿಸಿದೆ. ಆಡಿ ಗಾಳಿ ಪಡುವಣದಿಂದ ಬರುವುದು. ಒಲೆಯ ಕಿಡಿ ಹಾರಿದರೆ ಮನೆಯಿಂದ ಆಚೆಗೆ ಹಾರಲಿ ಎಂದು. "ಸರಿ ತಾಯಿ," ಎಂದು ಅವರು, ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಗೋಡೆಯನ್ನು ಹೆಂಚಿನ ತನಕ ಏರಿಸುವುದಾಗಿ ಹೇಳಿದರು. ಮೇಲೆ ಸಂದಿದ್ದರೆ ಬೆಂಕಿ ಕಳ್ಳನ ಹಾಗೆ ಆ ಕಡೆಗೆ ದಾಟುತ್ತದಂತೆ. ಹುಲ್ಲಿನ ಬಣವೆಯನ್ನು ಮನೆಯಿಂದ ದೂರ, ಹುಣಸೆ ಮರದಾಚೆ ಹಾಕಿಸಿದೆವು. ಗೋಡೆ ಎದ್ದಿತು, ತಾಳೆ ತೊಲೆ ಏರಿತು, ಹೆಂಚು ಕೂತಿತು. ಸಂಜೆ ಬಿಸಿಲಿಗೆ ಹೊಸ ಹೆಂಚು ಹಣ್ಣಾದ ಬಣ್ಣಕ್ಕೆ ತಿರುಗುತ್ತಿತ್ತು. ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ಅಷ್ಟು ದೊಡ್ಡದು ನನ್ನ ಬೆರಳು ತೋರಿಸಿದ ಕಡೆ ನಿಂತಿದೆ ಎಂದು ನಂಬಿಕೆ ಬರುತ್ತಿರಲಿಲ್ಲ.

ಒಂದು ಮೂಲೆ ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗೆ ತೆರೆದೇ ಇತ್ತು. ಸಾಮಿ ಮೂಲೆ.

"ಪಾಟಿ, ಅದಕ್ಕೂ ಓಡು ಆಕಿ ಮುಗಿಸಿಬಿಡ್ತೀನಿ," ಎಂದು ಮೇಸ್ತ್ರಿ ಕೈಯಲ್ಲಿದ್ದ ಹೆಂಚು ತೋರಿಸಿ ಕೇಳಿ ನೋಡಿದರು.

"ನಾ ಸತ್ತ ಮ್ಯಾಲೆ ಆಕು," ಎಂದರು ಅತ್ತೆ. "ಅದುವರೆಗೂ ಏಣಿ ಮುಟ್ಟಬ್ಯಾಡ."

ಅಣ್ಣ ಹೇಳಿದ, ಅವರು ಕೇಳಲಿಲ್ಲ. ಬೆಂಕಿಯೊಳಗೆ ನುಗ್ಗಿ ಪೆಟ್ಟಿಗೆ ತಂದವರಿಗೆ ನಾನು ಏನು ಹೇಳಲಿ? ಹುಲ್ಲು ಹೊದಿಸಿದರೆ ಬೀಗತಿ ಮಗಳನ್ನು ಕಳಿಸುವುದಿಲ್ಲ. ಹೆಂಚು ಹೊದಿಸಿದರೆ ಅತ್ತೆ ಆ ಮನೆಗೆ ಕಾಲಿಡುವುದಿಲ್ಲ. ಬಳೆ ತೊಡಿಸುವ ದಿನ ಹತ್ತಿರ ಬರುತ್ತಿತ್ತು. ಮಧ್ಯಾಹ್ನದ ಹೊತ್ತು ಖಾಲಿ ಮನೆಯೊಳಗೆ ಹೋಗಿ ಆ ಮೂಲೆಯ ಕೆಳಗೆ ಮಲಗಿ ಆಕಾಶ ನೋಡುತ್ತಿದ್ದೆ. ಒಂದು ಚೌಕ ನೀಲಿ. ಅದರಲ್ಲಿ ಮೋಡ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತಿತ್ತು. ನನ್ನ ಮಗಳು ಅಲ್ಲಿ ಮಲಗಿ ಅದನ್ನೇ ನೋಡುತ್ತಿರುವಂತೆ ಕನಸು ಬೀಳುತ್ತಿತ್ತು.

ನೆಲ ಸಾರಿಸಲು ಕೆರೆಯ ಜೇಡಿಮಣ್ಣು ತುಳಿದು ಕಲಸಿದ್ದೆ. ಮಣ್ಣಿನ ಗುಂಡಿಯಲ್ಲಿ ಭತ್ತದ ಹುಲ್ಲು ಒಂದಷ್ಟು ಬಿದ್ದು ಮಣ್ಣು ಮೆತ್ತಿಕೊಂಡು ಒಣಗಿತ್ತು. ಕಸ ಎಂದು ಗುಡಿಸಿ ಒಲೆಗೆ ಹಾಕಿದೆ. ಅನ್ನ ಕುದಿಯುತ್ತಿತ್ತು. ಬಗ್ಗಿ ನೋಡಿದರೆ ಸೌದೆ ಉರಿಯುತ್ತಿದೆ, ಹುಲ್ಲು ಉರಿಯುತ್ತಿಲ್ಲ. ಹೊಗೆಯಾಡುತ್ತ, ಕಪ್ಪಾಗುತ್ತ, ಇದ್ದಲ್ಲೇ ಇದೆ. ಕಡ್ಡಿಯಿಂದ ಎಳೆದು ಮುರಿದೆ. ಮಣ್ಣಿನ ತೊಗಲೊಳಗೆ ಹುಲ್ಲು ಇನ್ನೂ ಹಳದಿಯಾಗಿಯೇ ಇತ್ತು.

ಅನ್ನ ಉಕ್ಕಿ ಒಲೆ ಆರಿತು. ನನಗೆ ಅದು ಕಾಣಲೇ ಇಲ್ಲ. ಸುಡದ ಮಣ್ಣು ದೇವರಿಗೆ ಆಗುತ್ತದಲ್ಲ, ಸುಡದ ಹುಲ್ಲೂ ಆಗುತ್ತದಲ್ಲ ಎಂದು ಮನಸ್ಸಿನಲ್ಲಿ ಒಂದೇ ಮಾತು ಸುತ್ತುತ್ತಿತ್ತು.

ಮಣ್ಣಲ್ಲಿ ಅದ್ದಿದ ಹುಲ್ಲು ಸಾಮಿ ಮೂಲೆಗೆ ಆದೀತೇ ಎಂದು ಅತ್ತೆಯನ್ನು ಕೇಳಿದೆ. ಅವರು ಆ ಮುರಿದ ಹುಲ್ಲನ್ನು ಕೈಯಲ್ಲಿ ತಿರುವಿ ನೋಡಿದರು. "ಉಲ್ಲು ಉಲ್ಲೇ ತಾನೆ?"

"ಉಲ್ಲೇ ಅತ್ತೆ."

"ಮಣ್ಣು ಪಚ್ಚೆ ಮಣ್ಣೇ ತಾನೆ? ಒಲೇಲಿ ಸುಡಲ್ಲ ತಾನೆ?"

"ಬಿಸಿಲಲ್ಲಿ ಒಣಗಿಸ್ತೀನಿ, ಅಷ್ಟೇ."

"ಬಿಸಿಲು ಸಾಮೀದೇ," ಎಂದರು. ಅಷ್ಟೇ ಒಪ್ಪಿಗೆ.

ಮೂಲೆಗೆ ಮೊದಲು ತಾಳೆ ಹಲಗೆ, ಅದರ ಮೇಲೆ ಹಸಿ ಮಣ್ಣಿನ ದಪ್ಪ ಹಾಸು, ಅದರ ಮೇಲೆ ಹಿಡಿ ಹಿಡಿಯಾಗಿ ಜೇಡಿಮಣ್ಣಿನ ನೀರಲ್ಲಿ ಅದ್ದಿದ ಹುಲ್ಲು. ಮೇಸ್ತ್ರಿ ನಗುತ್ತಲೇ ಕಟ್ಟಿದರು. ದೀಪಾವಳಿ ಹೊತ್ತಿನ ಐಪ್ಪಸಿ ಮಳೆ ಬಂತು. ಬೆಳಗ್ಗೆ ನೋಡಿದರೆ ಮಣ್ಣೆಲ್ಲ ತೊಳೆದುಹೋಗಿ, ಹೊಸ ಗೋಡೆಯ ಮೇಲೆ ಕೆಂಪು ಜಡೆ ಬಿಟ್ಟ ಹಾಗೆ ಇಳಿದಿತ್ತು. ಮೇಲೆ ಬರೀ ಹುಲ್ಲು. ನಾನು ಅತ್ತುಬಿಟ್ಟೆ. ಅತ್ತೆಯೇ ಹೇಳಿದ್ದು, ಅವರ ತವರಿನಲ್ಲಿ ಕಣಜಕ್ಕೆ ಬಳಿಯುವ ಮಣ್ಣಿಗೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲ, ಕಳ್ಳಿ ಹಾಲು, ಸಗಣಿ ಸೇರಿಸಿ ಕೊಳೆಸುತ್ತಿದ್ದರು ಎಂದು. ನಾಲ್ಕನ್ನೂ ಬಾನಿಯಲ್ಲಿ ಕೊಳೆಯಲು ಬಿಟ್ಟೆವು. ವಾಸನೆಗೆ ಪಕ್ಕದ ತೋಟದವಳು ಬೇಲಿಯ ಹತ್ತಿರ ಬರುವುದನ್ನೇ ನಿಲ್ಲಿಸಿದಳು. ಮಳೆ ಬಿಡುವು ಕೊಟ್ಟಾಗ ಮತ್ತೆ ಅದ್ದಿ, ಮತ್ತೆ ಹೊದಿಸಿ, ಇಳಿಜಾರನ್ನು ಇನ್ನಷ್ಟು ಕಡಿದಾಗಿ ಮಾಡಿಸಿದೆ. ಮುಂದಿನ ಮಳೆಗೆ ನೀರು ಬಾತುಕೋಳಿಯ ಬೆನ್ನ ಮೇಲಿಂದ ಜಾರಿದ ಹಾಗೆ ಜಾರಿ ಹೋಯಿತು. ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು, ಅದು ಇದ್ದದ್ದೇ.

ಬೀಗತಿ ಬಂದರು. ಮನೆಯೆಲ್ಲ ಸುತ್ತಿ ನೋಡಿದರು. ಅಡುಗೆಮನೆಯ ಗೋಡೆಯನ್ನು ಕತ್ತೆತ್ತಿ ನೋಡಿ ತಲೆದೂಗಿದರು. ಸಾಮಿ ಮೂಲೆಯ ಮುಂದೆ ನಿಂತು, "ಮತ್ತೆ ಉಲ್ಲು ತಾನಾ?" ಎಂದರು.

ನಾನು ಮಣ್ಣದ್ದಿದ ಒಂದು ಹಿಡಿ ಹುಲ್ಲನ್ನು ಒಲೆಗೆ ಇಟ್ಟು ತೋರಿಸಿದೆ. ಅವರು ಒಪ್ಪಲಿಲ್ಲ. "ಇದು ನೀವು ನನಗಂತ ಮಾಡಿಟ್ಟದ್ದು. ದಪ್ಪಗೆ ಬಳಿದಿರ್ತೀರಿ. ಆ ಸೂರಿಗೇ ಪಂಜು ಇಡೀರಿ, ನೋಡ್ತೀನಿ."

"ಪಂಜು ಇಡಿದ್ರೆ ಅದು ಬೆಂಕಿ ಕಂಡ ಮಣ್ಣಾಗಲ್ಲವಾ?" ಅತ್ತೆ ಗುಡುಗಿದರು. "ಸಾಮಿ ಪರೀಕ್ಷೆ ಮಾಡಕ್ಕೆ ಬಂದಿದೀರಾ?"

"ನಾ ಸಾಮಿನ ಕೇಳಲ್ಲೆ ಪಾಟಿ. ಸೂರನ್ನ ಕೇಳ್ತೀನಿ."

ಬೀಗತಿ ಚೀಲ ಕೈಗೆತ್ತಿಕೊಂಡರು. ಅವರು ಹೊಸ್ತಿಲು ದಾಟಿದರೆ ನನ್ನ ಮಗಳು ಬರುವುದಿಲ್ಲ. ಅಣ್ಣ ಊರಲ್ಲಿರಲಿಲ್ಲ. ನನ್ನ ಪರವಾಗಿ ಮಾತಾಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆ ಹೊತ್ತಿನಲ್ಲಿ ನನಗೆ ಕೇಳಿದ ದನಿ ನನ್ನದೇ ಎಂದು ತಿಳಿಯಲು ತುಸು ಸಮಯ ಬೇಕಾಯಿತು.

"ಸಂಬಂಧಿ, ನಿಲ್ಲಿ. ಸೂರಿಗೆ ಬೆಂಕಿ ಇಡೋದು ಬ್ಯಾಡ. ಏಣಿ ಐತೆ. ನೀವೇ ಅತ್ತಿ, ನಿಮಗೆ ಎಲ್ಲಿ ಸಂದೇಹವೋ ಅಲ್ಲಿಂದ ಒಂದು ಹಿಡಿ ಕಿತ್ತುಕೊಳ್ಳಿ. ಅದನ್ನ ಒಲೆಗೆ ಇಡೋಣ. ಉರಿದ್ರೆ ನಾನೇ ಓಡು ಆಕಿಸ್ತೀನಿ. ಅತ್ತೆ ಕಾಲಿಗೆ ಬಿದ್ದು ಆಕಿಸ್ತೀನಿ."

ಅತ್ತೆ ನನ್ನ ಮುಖ ನೋಡಿದರು. ಎದ್ದು ಹೋಗಿ ತಾವೇ ಏಣಿ ಹಿಡಿದುಕೊಂಡರು.

ಬೀಗತಿ ಸೀರೆ ಎತ್ತಿ ಕಟ್ಟಿ ನಿಜವಾಗಿಯೂ ಏಣಿ ಹತ್ತಿದರು. ಹುಲ್ಲು ಕೈಗೆ ಬರಲಿಲ್ಲ. ಕುಡುಗೋಲು ಕೇಳಿ, ಒಳಗೆ ಆಳದಿಂದ ಒಂದು ಹಿಡಿ ಕೊಯ್ದು ಇಳಿದರು. ತಾವೇ ಕೆಂಡ ಕೆದಕಿ, ತಾವೇ ಇಟ್ಟು, ಊದುಕೊಳವೆಯಿಂದ ಊದಿದರು. ಮೂವರೂ ಒಲೆಯ ಸುತ್ತ ಕುಕ್ಕರಗಾಲಲ್ಲಿ ಕುಳಿತೆವು. ಹೊಗೆ ಎದ್ದಿತು. ಹುಲ್ಲು ಕೆಂಪಾಯಿತು, ಕಪ್ಪಾಯಿತು. ಒಂದು ತುದಿಯಲ್ಲಿ ಮಣ್ಣು ಉದುರಿದ ಕಡೆ ಸಣ್ಣ ಜ್ವಾಲೆ ಎದ್ದಿತು. ಅದು ಮಣ್ಣಿದ್ದ ಕಡೆಗೆ ಒಂದಿಷ್ಟು ನಡೆದು, ದಾರಿ ಮರೆತಂತೆ ನಿಂತು, ಆರಿತು. ಬೀಗತಿ ಮತ್ತೆ ಊದಿದರು. ಅದು ಮತ್ತೆ ಏಳಲಿಲ್ಲ. ಅವರ ಕಣ್ಣಲ್ಲಿ ಹೊಗೆಗೆ ನೀರು ಬಂದಿತ್ತು.

"ಎಂಗಳ ಮೂಲೆಗೂ ಇದನ್ನ ಮಾಡಿಕೊಡಕ್ಕೆ ಬತ್ತೀರಾ ಸಂಬಂಧಿ?" ಎಂದರು. "ವರ್ಷ ವರ್ಷ ನೀರು ಒತ್ತು ಸೊಂಟ ಓಯ್ತು."

"ಮೊದ್ಲು ಎಣ್ಣ ಕಳಿಸಿ," ಎಂದರು ಅತ್ತೆ. "ಆಮ್ಯಾಲೆ ನನ್ನ ಪುಳ್ಳೆನ ಕಳಿಸ್ತೀನಿ. ಆ ಸುಟ್ಟದ್ದನ್ನ ಆಚೆ ಬಿಸಾಕಿ. ಬೆಂಕಿ ಕಂಡ ಮಣ್ಣು ಅದು ಈಗ."

ಬಳೆ ತೊಟ್ಟ ಕೈಗಳಿಂದ ಕಿಣಿಕಿಣಿ ಸದ್ದು ಮಾಡುತ್ತ ನಿಮ್ಮ ಅಮ್ಮ ಬಂದಳು. ಹೊಸ ಮನೆಯನ್ನೆಲ್ಲ ಸವರಿ ಸವರಿ ನೋಡಿದಳು. ದಿನವೂ ಮಧ್ಯಾಹ್ನ ಚಾಪೆ ಹಾಕಿಕೊಂಡು ಸಾಮಿ ಮೂಲೆಯ ಹತ್ತಿರವೇ ಮಲಗುತ್ತಿದ್ದಳು, ಅಲ್ಲಿ ತಂಪು. ಬೀಗತಿ ಕೊಯ್ದ ಕಡೆ ಸೂರಿನಲ್ಲಿ ಒಂದು ಮುಷ್ಟಿಯಷ್ಟು ಗುಳಿ ಉಳಿದಿತ್ತು. ನಾನು ಮುಚ್ಚುವ ಮೊದಲೇ ಒಂದು ಜೋಡಿ ಗುಬ್ಬಿ ಬಂದು ಒಳಗೆ ಸೇರಿಕೊಂಡಿತು. ಮುಚ್ಚಬೇಡ ಎಂದು ಮಗಳೂ ಅತ್ತೆಯೂ ಒಂದಾದರು.

ಸಂಕ್ರಾಂತಿ ಬರುವ ತೈ ತಿಂಗಳ ಒಂದು ಮಧ್ಯಾಹ್ನ ಆ ಗುಳಿಯಿಂದ ಚಿಲಿಪಿಲಿ ಕೇಳಿಸಿತು. ಎರಡೋ ಮೂರೋ ಸಣ್ಣ ಬಾಯಿ. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, ಮೊಮ್ಮಗಳಿಗೆ ಹೇಳಿದರು, "ನೋಡು, ನಿನ್ನ ಮಾಮಿಯಾರು ಕೊಯ್ದ ತಾವಲ್ಲಿ ಗುಬ್ಬಿ ಮರಿ ಎತ್ತುಬಿಡ್ತು. ಅದಕ್ಕೆ ಸಂಬಂಧಿ ಕಾಟವೂ ಇಲ್ಲ, ಬಳೆ ಕರ್ಚೂ ಇಲ್ಲ. ನೀನು ಇನ್ನೂ ಮಲಗೇ ಇದೀಯ."

ನಿಮ್ಮ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಬೇಡವೇ, ನಗಬೇಡ ಎಂದೆ. ಅವಳು ನಗುತ್ತಲೇ ಇದ್ದಳು. ನಗುತ್ತಿದ್ದವಳು ಸೊಂಟಕ್ಕೆ ನೋವು ಬಂದಂತೆ ಬಗ್ಗಿ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.